ಹಲವಾಯಿ ಬಲ್ಬಿಗೂ ಪ್ರಭಾವಳಿ

ಕೇದಾರ ಘಾಟಿನ ಪುರೋಹಿತರಾದ ಸುಬ್ರಹ್ಮಣ್ಯ ಭಟ್ಟರಿಗೆ ಕೆಲವು ದಿನಗಳಿಂದ ಸಂಜೆಯ ಆರತಿಯ ದೀಪದ ಸುತ್ತ ಬಣ್ಣಬಣ್ಣದ ಬಳೆ ಕಾಣುತ್ತಿತ್ತು.

"ಕೇದಾರೇಶ್ವರ ನನಗೆ ಪ್ರಭಾವಳಿ ತೋರಿಸ್ತಿದಾನೆ ಕಣೇ," ಎಂದು ಹೆಂಡತಿಗೆ ಹೇಳಿ ಹಿಗ್ಗಿದರು. ಸುದ್ದಿ ಕೇಳಿದ ಯಾತ್ರಿಕರು ಕಾಲಿಗೆ ಬಿದ್ದರು. ಬಳೆ ಕಾಣುವ ಹೊತ್ತಿಗೇ ತಲೆಯೂ ನೋಯುತ್ತಿತ್ತು. ಹಣೆಗೆ ಶುಂಠಿ ಹಚ್ಚಿಕೊಂಡು ಸುಮ್ಮನಾಗುತ್ತಿದ್ದರು.

ಹೆಂಡತಿ ಅನಂತಲಕ್ಷ್ಮಮ್ಮನವರಿಗೆ ಮಾತ್ರ ಭಯ. ಪಕ್ಕದಲ್ಲೇ ಇಟ್ಟ ಚೊಂಬು ಗಂಡನಿಗೆ ಕಾಣುತ್ತಿರಲಿಲ್ಲ. ಅವರು ತಡಕಾಡುವ ಮೊದಲೇ ಇವರು ಅದನ್ನು ಮೆಲ್ಲನೆ ಕೈಗೆ ತಾಗಿಸಿ ಇಡುತ್ತಿದ್ದರು. ಅವರ ಸಂತೋಷ ಕೆಡಿಸಲು ಮನಸ್ಸಿಲ್ಲ. ಕಣ್ಣೇ ಹೋದರೆ ಗತಿಯೇನು ಎಂಬ ಚಿಂತೆಯೂ ಬಿಡದು. ಕೊನೆಗೆ ಒಂದು ಸಂಜೆ ನೆರೆಮನೆಯ ಕಣ್ಣಿನ ಡಾಕ್ಟರ್ ಕಾತ್ಯಾಯನಿಯನ್ನು ಕರೆದರು.

"ಮಾವ, ಎದುರಿಗಿರೋ ಹಲವಾಯಿಯ ಮಿಠಾಯಿ ಅಂಗಡಿ ಬಲ್ಬ್ ನೋಡಿ. ಅದಕ್ಕೂ ಪ್ರಭಾವಳಿ ಇದೆಯಾ?" ಕಾತ್ಯಾಯನಿ ಕೇಳಿದಳು.

ಭಟ್ಟರು ಕಿಟಕಿಯಾಚೆ ನೋಡಿ ಪೆಚ್ಚಾದರು. "ಅರೆ, ಇದೆಯಲ್ಲೇ!"

"ಹಾಗಾದ್ರೆ ಜಿಲೇಬಿಗೂ ಈಶ್ವರ ಒಲಿದ ಅನ್ನಿ!"

ಅನಂತಲಕ್ಷ್ಮಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡರು.

"ಕಣ್ಣೊಳಗಿನ ನೀರು ಹರಿದುಹೋಗೋ ದಾರಿ ಕಟ್ಟಿಕೊಂಡ್ರೆ ಒತ್ತಡ ಏರುತ್ತೆ, ನರ ಸಾಯುತ್ತೆ. ಇಲ್ಲಿನವರು ಹಿಂದಿಯಲ್ಲಿ ಕಾಲಾ ಮೋತಿಯಾ ಅಂತಾರಲ್ಲ, ಆ ಗ್ಲಾಕೋಮ ಇರಬಹುದು," ಎಂದಳು ಕಾತ್ಯಾಯನಿ.

ಭಟ್ಟರು ಸೋಲಲಿಲ್ಲ. "ಕತ್ತಲಲ್ಲಿ ಕಣ್ಣೊಳಗೇ ಮೆಲಟೋನಿನ್ ಅನ್ನೋದು ಹುಟ್ಟುತ್ತೆ ಅಂತ ನೀನೇ ಹೇಳಿದ್ದೆ. ದೀಪ ಆರಿಸಿ ಮಲಗ್ತೀನಿ, ಅದೇ ಸರಿಮಾಡುತ್ತೆ ಬಿಡು."

"ಹುಟ್ಟೋದು ನಿಜ, ಮಾವ. ಕತ್ತಲಾಯ್ತು ಅಂತ ಮೈಗೆ ಸಾರೋ ವಸ್ತು ಅದು. ಮಿದುಳಿನ ಗ್ರಂಥಿಯಲ್ಲಿ ಹೆಚ್ಚು, ಕಣ್ಣಲ್ಲಿ ಚೂರು. ಕಣ್ಣಿನ ಒತ್ತಡದಲ್ಲಿ ಅದರ ಪಾತ್ರ ಏನು ಅಂತ ಇನ್ನೂ ಸಂಶೋಧನೆ ನಡೀತಿದೆ. ನಿದ್ದೆ ಚೆನ್ನಾಗಿ ಮಾಡಿ. ಆದ್ರೆ ಅದನ್ನೇ ನಂಬಿ ಕೂತ್ರೆ ಇರೋ ದೃಷ್ಟಿನೂ ಹೋಗುತ್ತೆ. ಹೋದ ದೃಷ್ಟಿ ವಾಪಸ್ ಬರಲ್ಲ."

"ಬರೋದೇ ಇಲ್ವಾ?" ಭಟ್ಟರ ದನಿ ಇಳಿಯಿತು.

ಅನಂತಲಕ್ಷ್ಮಮ್ಮ ಹತ್ತಿರ ಬಂದರು. "ನಿಮ್ಮ ಕೈ ಹಿಡಿದು ನಡೆಸೋಕೆ ನನಗೇನೂ ಬೇಸರವಿಲ್ಲ. ಆದ್ರೆ ನನ್ನ ಮುಖ ನಿಮಗೆ ಕಾಣ್ತಿರಬೇಕು."

ಭಟ್ಟರು ಉತ್ತರೀಯ ಹೊದ್ದರು. "ರಿಕ್ಷಾ ಕರೀರಿ."

ಆಸ್ಪತ್ರೆಯಲ್ಲಿ ಗ್ಲಾಕೋಮ ಎಂದು ಖಚಿತವಾಯಿತು. ಲೇಸರ್ ಚಿಕಿತ್ಸೆ ಮಾಡಿ, ಹನಿ ಔಷಧಿ ಕೊಟ್ಟರು. ಕಳೆದ ನೋಟ ಮರಳಲಿಲ್ಲ, ಇದ್ದದ್ದು ಉಳಿಯಿತು. ಈಗ ಭಟ್ಟರು ಆರತಿ ಕೊಡುವಾಗ ವಯಸ್ಸಾದವರನ್ನೆಲ್ಲ ಕೇಳುತ್ತಾರೆ: "ದೀಪದ ಸುತ್ತ ಬಣ್ಣ ಕಾಣುತ್ತಾ, ತಾಯಿ?"

ಅಕ್ಕಂದಿರೇ, ಅಣ್ಣಂದಿರೇ, ಎಷ್ಟೋ ಜನರಿಗೆ ಈ ರೋಗ ಯಾವ ಸೂಚನೆಯನ್ನೂ ಕೊಡುವುದಿಲ್ಲ. ನಲವತ್ತು ದಾಟಿದ ಮೇಲೆ ಕಣ್ಣಿನ ಒತ್ತಡ ಪರೀಕ್ಷೆ ಮಾಡಿಸಿಕೊಳ್ಳಿ. ಮನೆಯ ಹಿರಿಯರು ಬಣ್ಣದ ಬಳೆ ಕಂಡಿತೆಂದರೆ ದೇವರಿಗೆ ಕೈಮುಗಿಯಿರಿ, ಅವರನ್ನು ಆ ದಿನವೇ ಡಾಕ್ಟರ ಬಳಿ ಕರೆದೊಯ್ಯಿರಿ.