ಸುನಂದಾಳ ತಂಗಿ ಹೊಲಿದ ಉಣ್ಣೆಯ ಅಂಗಿ

ಮೋರಟಗಿಯ ಸುತ್ತಮುತ್ತ ಕುರಿಗಳಿಗೇನೂ ಕೊರತೆಯಿಲ್ಲ. ಆದರೆ ಅವುಗಳ ಮೈಯಿಂದ ಕತ್ತರಿಸಿದ ಉಣ್ಣೆಯನ್ನು ಕೇಳುವವರೇ ಇರಲಿಲ್ಲ. ಮೊದಲೆಲ್ಲ ಅದು ಊರಲ್ಲೇ ನೂಲಾಗಿ, ಕಂಬಳಿಯಾಗಿ ಮನೆಮನೆ ಸೇರುತ್ತಿತ್ತು. ಈಗ ಸಂತೆಗೆ ಮಿರಿಮಿರಿ ಮಿಂಚುವ, ಹೂವಿನ ಚಿತ್ತಾರದ ಪಾಲಿಯೆಸ್ಟರ್ ಬ್ಲಾಂಕೆಟ್ಟುಗಳು ಬಂದಿದ್ದವು. ಉಣ್ಣೆ ತಿಪ್ಪೆಗೆ ಹೋಗುತ್ತಿತ್ತು.

ಅದೇ ಊರಿನ ಸಾವಿತ್ರವ್ವನೂ ಮೈಗೆ ಚುಚ್ಚುತ್ತವೆಂದು ಮನೆಯ ಕಂಬಳಿಗಳನ್ನೆಲ್ಲ ಪಾತ್ರೆ ಮಾರುವವಳಿಗೆ ಕೊಟ್ಟುಬಿಟ್ಟಿದ್ದಳು. ಮರುವರ್ಷ ದೀಪಾವಳಿಗೆ ಹಿರಿಯ ಮಗಳು ಸುನಂದಾ ಗಂಡನ ಮನೆಯಿಂದ ಬಂದಳು. ಬೆಳಿಗ್ಗೆ ಎಲ್ಲರಿಗೂ ಚಹಾ ಮಾಡಲೆಂದು ಸ್ಟೋ ಹಚ್ಚಿ ಕೂತಳು. ನೈಲಾನ್ ಸೀರೆಯ ಸೆರಗಿಗೆ ಉರಿ ತಾಗಿತು. ಚೀರುತ್ತ ಅಂಗಳಕ್ಕೆ ಓಡಿದಳು. ಸಾವಿತ್ರವ್ವ ಕೈಗೆ ಸಿಕ್ಕ ಹೊಸ ಬ್ಲಾಂಕೆಟ್ ಎಳೆದು ಮಗಳಿಗೆ ಸುತ್ತಿದಳು. ಅದೂ ಹೊತ್ತಿಕೊಂಡಿತು, ಕರಗಿ ಮೈಗೆ ಅಂಟಿತು.

ಸುನಂದಾ ಆಸ್ಪತ್ರೆಯಿಂದ ತಿರುಗಿ ಬರಲಿಲ್ಲ. ಆಮೇಲೆ ಆ ಮನೆಯಲ್ಲಿ ಯಾರೂ ಅವಳ ಹೆಸರು ಎತ್ತಲಿಲ್ಲ. ಎತ್ತಿದರೆ ಸಾವಿತ್ರವ್ವ ಎದ್ದು ಹೊರಗೆ ಹೋಗಿಬಿಡುತ್ತಿದ್ದಳು.

ಕಿರಿಯ ಮಗಳು ವಿದ್ಯಾವತಿ ಸಿಂದಗಿಯಲ್ಲಿ ಉಡುಪು ವಿನ್ಯಾಸ ಕಲಿಯುತ್ತಿದ್ದಳು. ಒಂದು ಸಂಜೆ ಅವಳೂ ಅವಳ ಗೆಳತಿ ಶಬಾನಾಳೂ ಒಂದು ಗಂಟು ಹೊತ್ತುಕೊಂಡು ಬಂದರು.

"ಇದೇನ ಕಸಾ ಹೊತ್ತಕೊಂಡ ಬಂದೀ?" ಎಂದಳು ಸಾವಿತ್ರವ್ವ.

"ಕಸ ಅಲ್ಲವ್ವ, ಉಣ್ಣಿ. ಬಾಗೇವಾಡ್ಯಾಗ ವಿದ್ಯಾರ್ಥಿಗಳಿಗೆ ಸ್ಪರ್ಧಾ ಇಟ್ಟಾರ. ನಮ್ಮ ಕಡೆ ಉಣ್ಣಿಲೇ ಅರಿಬಿ ಹೊಲೀಬೇಕು. ದಿನಾ ಉಪಯೋಗಕ್ಕ ಬರೂವಂಥಾದ್ದು ಆಗಬೇಕು, ಒಂದು ಚೂರೂ ದಂಡ ಆಗಬಾರ್ದು."

"ಈ ಬಿಸಲಾಗ ಉಣ್ಣಿ ಅಂಗಿ ಯಾರ ಹಾಕ್ಕೋತಾರ, ಹುಚ್ಚಿ?"

ಉತ್ತರ ಕೊಟ್ಟವಳು ಶಬಾನಾ. "ಇಡೀ ದಿನ ಹಾಕ್ಕೊಳ್ಳೂದಲ್ಲರಿ ಕಾಕು. ಒಲಿ ಮುಂದ ಕುಂತಾಗಷ್ಟ, ಸೀರಿ ಮ್ಯಾಲೆ, ಸೆರಗು ಒಳಗ ಸಿಗಿಸಿ ಹಾಕ್ಕೊಳ್ಳೋ ಗಿಡ್ಡ ಅಂಗಿ. ಉಣ್ಣಿಗೆ ಬೆಂಕಿ ಲಗೂನ ಹತ್ತೂದಿಲ್ಲರಿ."

ಸಾವಿತ್ರವ್ವನ ಮುಖ ಕಪ್ಪಿಟ್ಟಿತು. "ಸತ್ತಾಕಿನ್ನ ಸ್ಟೇಜಿನ ಮ್ಯಾಲೆ ನಿಂದ್ರಸ್ತೀಯೇನ ವಿದ್ಯಾ? ಅಕಿ ಹೆಸರೀಲೆ ಚಪ್ಪಾಳಿ ಹೊಡಸ್ಕೋತೀ?"

ವಿದ್ಯಾಳ ಕಣ್ಣು ತುಂಬಿ ಬಂದವು. "ಅಕ್ಕನ ಸುದ್ದಿ ಅಲ್ಲಿ ತಗಿಯೂದಿಲ್ಲವ್ವ, ನಿನ್ನಾಣಿ. ಆದ್ರ ಇನ್ನೊಬ್ಬರ ಮನ್ಯಾಗ ಹಿಂಗಾಗಬಾರ್ದಲ್ಲ?"

ಶಬಾನಾ ಅಂಗಳದಲ್ಲಿ ಒಂದು ಕೊಡ ನೀರಿಟ್ಟುಕೊಂಡಳು. ನೈಲಾನ್ ಚೂರೊಂದನ್ನು ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿದಳು. ಚೂರು ಉರಿಯುತ್ತಲೇ ಕರಗಿ, ಕುದಿವ ಮೇಣದಂತೆ ತೊಟತೊಟ ಸುರಿಯಿತು. ಆಮೇಲೆ ಉಣ್ಣೆಯ ಚೂರಿಗೆ ಕಡ್ಡಿ ಹಿಡಿದಳು. ಕೂದಲು ಸುಟ್ಟ ವಾಸನೆ ಬಂತು, ಅಂಚು ಕರಕಲಾಯಿತು. ಕಡ್ಡಿ ತೆಗೆದೊಡನೆ ಉರಿ ತಾನಾಗಿ ಆರಿತು.

"ಹತ್ತೂದ ಇಲ್ಲಂತಲ್ಲರಿ ಕಾಕು. ಹತ್ತಿದ್ರೂ ಹಬ್ಬೂದು ಕಡಿಮಿ, ಕರಗಿ ಮೈಗೆ ಅಂಟೂದಿಲ್ಲ."

ಸಾವಿತ್ರವ್ವ ಆ ಕರಕಲು ಚೂರನ್ನು ಕೈಗೆತ್ತಿಕೊಂಡಳು. "ಹಂಗಾದ್ರ ಅವತ್ತು ಮನ್ಯಾಗ ಕಂಬಳಿ ಇದ್ದಿದ್ರ..."

"ಅಕ್ಕ ಉಳೀತಿದ್ಲೋ ಇಲ್ಲೋ ನನಗ ಗೊತ್ತಿಲ್ಲವ್ವ," ಎಂದಳು ವಿದ್ಯಾ. ಸುಳ್ಳು ಸಮಾಧಾನ ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ಸಾವಿತ್ರವ್ವ ಹೂಂ ಅನ್ನಲಿಲ್ಲ, ಬ್ಯಾಡ ಅಂತಲೂ ಅನ್ನಲಿಲ್ಲ. ಓಣಿಯ ಮುದುಕಿ ತಿಪ್ಪವ್ವ ಆ ಉಣ್ಣೆಯನ್ನು ತೊಳೆದು, ಹಿಂಜಿ, ನೂತು ಕೊಟ್ಟಳು. ಊರಿನ ಮಗ್ಗದಲ್ಲಿ ಅದು ಬಟ್ಟೆಯಾಯಿತು. ಬಣ್ಣ ಹಾಕಲಿಲ್ಲ, ಕರಿ ಕುರಿಯ ಕಪ್ಪು, ಬಿಳಿ ಕುರಿಯ ಬಿಳುಪು, ಅಷ್ಟೇ. ಚುಚ್ಚದಿರಲೆಂದು ಒಳಗೆ ಹಳೆಯ ಹತ್ತಿ ಸೀರೆಯ ಅಸ್ತರ ಕೊಟ್ಟಳು ವಿದ್ಯಾ. ಉಳಿದ ಚೂರುಗಳಲ್ಲಿ ಬಿಸಿ ಪಾತ್ರೆ ಇಳಿಸುವ ಹಿಡಿಬಟ್ಟೆ ಹೊಲಿದಳು.

ಸ್ಪರ್ಧೆಗೆ ಬರುವುದಿಲ್ಲ ಎನ್ನುತ್ತಿದ್ದ ಸಾವಿತ್ರವ್ವ ಕೊನೆಗೆ ಬಾಗೇವಾಡಿಯ ಬಸ್ಸು ಹತ್ತಿದಳು. ಸಭಾಗೃಹದ ಹಿಂದಿನ ಸಾಲಿನಲ್ಲಿ ಕೂತಳು. ಇಂಡಿ, ಮುದ್ದೇಬಿಹಾಳದಿಂದಲೂ ಹುಡುಗಿಯರು ಬಂದಿದ್ದರು. ಉಣ್ಣೆಯ ಕೋಟು, ಉಣ್ಣೆಯ ಜಾಕೀಟು, ಕಸೂತಿ ಹಾಕಿದ ಶಾಲು ಒಂದೊಂದಾಗಿ ವೇದಿಕೆಯ ಮೇಲೆ ನಡೆದು ಹೋದವು. ವಿದ್ಯಾಳ ಅಂಗಿ ತೊಟ್ಟು ಶಬಾನಾ ಬಂದಾಗ ಯಾರೋ ಕಿಸಕ್ಕನೆ ನಕ್ಕರು.

"ಎಲ್ಲರೂ ಹೊರಗ ಹೋಗಾಕ ಅರಿಬಿ ಹೊಲ್ದಾರ, ನೀ ಯಾಕವ ಅಡಗಿ ಮನಿಗೆ ಹೊಲ್ದಿ?" ಎಂದು ತೀರ್ಪುಗಾರರು ಕೇಳಿದರು.

ವಿದ್ಯಾ ಬಾಯಿ ತೆರೆದಳು. ಅವ್ವನ ಮೇಲೆ ಇಟ್ಟ ಆಣೆ ಅಡ್ಡ ಬಂತು. ತಲೆ ತಗ್ಗಿಸಿ ನಿಂತಳು.

ಆಗ ಹಿಂದಿನ ಸಾಲಿನಿಂದ ಸಾವಿತ್ರವ್ವ ಎದ್ದು ನಿಂತಳು.

"ನಾ ಹೇಳ್ತೇನ್ರಿ. ಅಕಿಗೊಬ್ಬಾಕಿ ಅಕ್ಕ ಇದ್ಲು. ಸುನಂದಾ ಅಂತ." ಆ ಹೆಸರು ಹೇಳುವಾಗ ಅವಳ ದನಿ ಒಡೆಯಿತು. "ನೈಲಾನ್ ಸೀರಿ ಉಟ್ಟು ಸ್ಟೋ ಮುಂದ ಕುಂತಿದ್ಲು. ಉಳೀಲಿಲ್ರಿ. ಅದಕ್ಕ ಹೊಲ್ದಾಳ."



ಬಹುಮಾನ ಕಸೂತಿ ಶಾಲಿಗೆ ಹೋಯಿತು. ಆದರೆ ಹೊರಗೆ ಬಂದಾಗ ನಾಲ್ಕಾರು ಹೆಂಗಸರು ವಿದ್ಯಾಳನ್ನು ಸುತ್ತುವರಿದು ಅಂಗಿ ಮುಟ್ಟಿ ನೋಡಿದರು, ಹೊಲಿದು ಕೊಡ್ತೀಯೇನವ ಎಂದು ಕೇಳಿದರು. ತಿರುಗಿ ಬರುವ ಬಸ್ಸಿನಲ್ಲಿ ತಾಯಿ ಮಗಳು ಸುನಂದಾಳ ನೆನಪು ತೆಗೆದು ಅತ್ತರು. ಮೊದಲ ಸಲ ಕೂಡಿ ಅತ್ತರು. ಮರುದಿನವೇ ಸಾವಿತ್ರವ್ವ ತಿಪ್ಪವ್ವನ ಮನೆಗೆ ಹೋಗಿ ಒಂದು ದಪ್ಪನೆಯ ಕಂಬಳಿಗೆ ನೂಲು ನೂಲಲು ಹೇಳಿ ಬಂದಳು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಒಲೆಯ ಮುಂದೆ ನೈಲಾನ್, ಪಾಲಿಯೆಸ್ಟರ್ ಬೇಡ. ಹತ್ತಿ ಬಟ್ಟೆ ಉಟ್ಟು ಸೆರಗು ಬಿಗಿದು ಕೂರಿ. ಅಡುಗೆಮನೆಯ ಹತ್ತಿರ ಒಂದು ಉಣ್ಣೆ ಕಂಬಳಿ ಇರಲಿ. ಬಟ್ಟೆಗೆ ಬೆಂಕಿ ಹತ್ತಿದರೆ ಓಡಬೇಡಿ, ನೆಲದ ಮೇಲೆ ಬಿದ್ದು ಉರುಳಿ. ನೋಡಿದವರು ಕಂಬಳಿ ಹೊದಿಸಿ ಉರಿ ಆರಿಸಿ, ಆಮೇಲೆ ಕಂಬಳಿ ತೆಗೆದು ಸುಟ್ಟ ಜಾಗಕ್ಕೆ ತಣ್ಣೀರು ಸುರಿಯುತ್ತ ಬೇಗ ಆಸ್ಪತ್ರೆಗೆ ಒಯ್ಯಿರಿ. ಅಂಟಿದ ಬಟ್ಟೆ ಕೀಳಬೇಡಿ. ಶಾಯಿ, ಎಣ್ಣೆ, ಸಗಣಿ ಹಚ್ಚಬೇಡಿ. ನಮ್ಮ ಕುರಿಗಳ ಉಣ್ಣೆಯನ್ನು ತಿಪ್ಪೆಗೆ ಸುರಿಯದೆ ನೂಲುವವರಿಗೆ, ನೇಯುವವರಿಗೆ ಕೊಡಿ. ಅದು ವರ್ಷಗಟ್ಟಲೆ ಬಾಳುತ್ತದೆ, ಹರಿದು ಹೋದ ಮೇಲೆ ಮಣ್ಣಿನಲ್ಲಿ ಮಣ್ಣಾಗುತ್ತದೆ.

ಇದನ್ನು ಕೇಳಿದವರು ಈಗಲೇ ಎದ್ದು ನಿಮ್ಮ ಅಡುಗೆಮನೆಯಲ್ಲೊಮ್ಮೆ ಇಣುಕಿ. ನಿಮ್ಮ ಮಗಳು, ನಿಮ್ಮ ಸೊಸೆ ಏನು ಉಟ್ಟು ಒಲೆಯ ಮುಂದೆ ಕೂತಿದ್ದಾಳೆ, ನೋಡಿ ಬನ್ನಿ.