ಅಂಜನಾಬಾಯಿಯ ಎಡಗಣ್ಣು

ಕಬ್ಬಿನ ಗರಿ ಅಂಜನಾಬಾಯಿಯ ಎಡಗಣ್ಣಿಗೆ ಬಡಿದದ್ದು ಒಂದು ಮಂಗಳವಾರ ಬೆಳಿಗ್ಗೆ, ಸಾಂಗಲಿ ಕಡೆಯ ಹೊಲವೊಂದರಲ್ಲಿ. ಎರಡು ವರ್ಷ ಮಳೆ ಕೈಕೊಟ್ಟು ಬೀದರ ಕಡೆಯ ಅವಳ ಊರು ಠಾಣಾ ಕುಶನೂರಿನ ತೊಗರಿ ಹೊಲಗಳು ಬೋಳಾಗಿದ್ದವು. ಊರಿನ ಅರ್ಧ ಮಂದಿ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿದ್ದರು. ಆ ಕೆಲಸದಲ್ಲಿ ಗಂಡ ಹೆಂಡತಿಯ ಜೋಡಿಗೆ 'ಕೊಯ್ತಾ' ಎನ್ನುತ್ತಾರೆ, ಕಬ್ಬು ಕಡಿಯುವ ಕತ್ತಿಯ ಹೆಸರೇ. ಗಂಡ ಮಚ್ಛೇಂದ್ರ ಕಡಿಯಬೇಕು, ಅಂಜನಾಬಾಯಿ ಗರಿ ಸವರಿ, ಹೊರೆ ಕಟ್ಟಿ ಹೊರಬೇಕು. ಒಬ್ಬರು ಕೂತರೆ ಇಬ್ಬರ ಕೆಲಸವೂ ನಿಂತಂತೆ.

ಅದಕ್ಕೇ ಅವಳು ಕೂರಲಿಲ್ಲ. ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡು ಸಂಜೆಯವರೆಗೂ ದುಡಿದಳು. ಕೂಲಿಯವರ ಟೋಳಿ ಕಟ್ಟಿ ಕರೆತಂದಿದ್ದ ಮುಕಾದಮ ಗೋರಖನಾಥ ಮೆಡಿಕಲ್ ಅಂಗಡಿಯಿಂದ ಕಣ್ಣಿಗೆ ಹಾಕುವ ಹನಿಯ ಬಾಟಲಿಯೊಂದನ್ನು ತರಿಸಿಕೊಟ್ಟ. ಎರಡು ದಿನದಲ್ಲಿ ಕೆಂಪು ಇಳಿಯಿತು. ಐದನೆಯ ದಿನ ಬಿಸಿಲಿಗೆ ಕಣ್ಣು ತೆರೆಯಲಾಗಲಿಲ್ಲ. ಟ್ರ್ಯಾಕ್ಟರಿನ ಕನ್ನಡಿಯಲ್ಲಿ ನೋಡಿಕೊಂಡಳು. ಕರಿಗುಡ್ಡೆಯ ಮೇಲೆ ಅರ್ಧ ಜೋಳದ ಕಾಳಿನಷ್ಟು ಬಿಳಿ ಚುಕ್ಕೆ ಕೂತಿತ್ತು.

"ಸೀಜನ್ ಮುಗೀಲಿ, ಆಮ್ಯಾಲ ತೋರಸಮು," ಎಂದ ಗೋರಖನಾಥ.

"ಸೀಜನ್ ಮುಗಿಯೋದ್ರಾಗ ನನ್ನ ಕಣ್ಣು ಮುಗೀತದರಿ ಮುಕಾದಮ," ಎಂದು ಅಂಜನಾಬಾಯಿ ಅವತ್ತೇ ಗಂಟು ಕಟ್ಟಿದಳು. ಮಚ್ಛೇಂದ್ರನೂ ಜೊತೆಗೆ ಹೊರಟ.

ಮರುದಿನ ಭಾಲ್ಕಿಯಲ್ಲಿ ಇಳಿದು ಮೊದಲು ಸಿಕ್ಕ ದವಾಖಾನೆಗೆ ಹೋದರು. ನರ್ಸ್ ಆಬೇದಾ ಬ್ಯಾಟರಿ ಹಿಡಿದು ಕಣ್ಣು ನೋಡಿದಳು, ಆಮೇಲೆ ಬಾಟಲಿಯನ್ನು ತಿರುಗಿಸಿ ಓದಿದಳು.

"ಇದನ್ನ ಇನ್ನೊಂದು ಹನಿ ಹಾಕಬ್ಯಾಡ್ರಿ. ನಿಂತ ಕಾಲ ಮ್ಯಾಲೆ ಬೀದರಕ್ಕ ಹೋಗ್ರಿ. ನಾಳೆ ಅನಬ್ಯಾಡ್ರಿ ಮತ್ತ," ಎಂದು ಕಣ್ಣಿನ ಆಸ್ಪತ್ರೆಯ ವಿಳಾಸ ಬರೆದುಕೊಟ್ಟಳು.

ಬೀದರಿನಲ್ಲಿ ಡಾಕ್ಟರ್ ಪ್ರಮಿಲಾ ಕಣ್ಣು ಮರಗಟ್ಟಿಸುವ ಹನಿ ಬಿಟ್ಟು, ಬಿಳಿ ಚುಕ್ಕೆಯ ಅಂಚನ್ನು ಮೆಲ್ಲಗೆ ಕೆರೆದು, ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿಟ್ಟರು. ಮಚ್ಛೇಂದ್ರನಿಗೂ ತೋರಿಸಿದರು. ಹತ್ತಿಯ ಎಳೆಯಂಥ ದಾರಗಳು ಒಂದರ ಮೇಲೊಂದು ಹಬ್ಬಿದ್ದವು.

"ಬೂಷ್ಟು ಇದು. ಕಬ್ಬಿನ ಗರಿ ಮ್ಯಾಲೆ ಇತ್ತು, ಗಾಯದಾಗ ಹೊಕ್ಕು ಬೆಳೀಲಾಕತ್ತದ. ನೀವು ಹಾಕಿದ್ದ ಹನಿ ಕೆಂಪು ಇಳಿಸ್ತು, ಆದ್ರ ಬೂಷ್ಟಿಗಿ ಜೋರು ಕೊಡ್ತು."

"ಕಣ್ಣು ಉಳೀತದೇನ್ರಿ ಮೇಡಂ?"

"ಗಂಟೆಗೊಂದು ಹನಿ, ಹಗಲು ರಾತ್ರಿ ತಪ್ಪದಂಗ ಬಿದ್ರ ಹೋರಾಡಮು. ತಿಂಗಳ ಮ್ಯಾಲೇ ಹಿಡೀತದ."

ಒಂದು ವಾರ ವಾರ್ಡಿನಲ್ಲಿದ್ದು ಅಂಜನಾಬಾಯಿ ಬೀದರಿಗೆ ಹತ್ತಿರದ ಅಷ್ಟೂರಿನ ಚಿಕ್ಕಮ್ಮ ಶಾಲುಬಾಯಿಯ ಮನೆಗೆ ಬಂದಳು. ಮಚ್ಛೇಂದ್ರ ಬೀದರಿನ ಗಂಜ್ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಕೆಲಸ ಹಿಡಿದ. ಶಾಲುಬಾಯಿಯ ಬಲಗಣ್ಣು ಹಾಲಿನಂತೆ ಬೆಳ್ಳಗಿತ್ತು. ಎಪ್ಪತ್ತೆರಡನೇ ಇಸವಿಯ ಬರದಲ್ಲಿ ಸರ್ಕಾರಿ ಕಾಮಗಾರಿಗೆ ಜಲ್ಲಿ ಒಡೆಯುವಾಗ ಚೂರು ಸಿಡಿದು ಹೋದ ಕಣ್ಣು ಅದು.

"ಆವಾಗ ನನಗ ಯಾವದೋ ಎಲಿ ರಸ ಹಿಂಡಿದ್ರು. ಎಂಟು ದಿನದಾಗ ಕತ್ತಲಾತು," ಎಂದಳು ಶಾಲುಬಾಯಿ. "ನಿಂದು ಹೋಗಗೊಡಲ್ಲ, ನೋಡ್ತಿರು."

ಮೊಬೈಲು ಗಂಟೆಗೊಮ್ಮೆ ಕೂಗುತ್ತಿತ್ತು. ಒಲೆಯ ಮುಂದಿರಲಿ, ನಿದ್ದೆಯಲ್ಲಿರಲಿ, ಶಾಲುಬಾಯಿ ಎದ್ದು ಸಾಬೂನಿನಿಂದ ಕೈ ತೊಳೆದೇ ಬಾಟಲಿ ಮುಟ್ಟುತ್ತಿದ್ದಳು.

ಇಷ್ಟಾದರೂ ಹದಿನೈದನೆಯ ದಿನ ಕಣ್ಣಿನ ಒಳಗೆ ಕೀವು ಕಾಣಿಸಿತು. ಡಾಕ್ಟರ್ ಮತ್ತೆ ಕೆರೆದರು, ಇನ್ನೊಂದು ಔಷಧಿ ಸೇರಿಸಿದರು. "ಕರಿಗುಡ್ಡಿ ಇನ್ನೂ ತೆಳ್ಳಗಾದ್ರ ತೂತು ಬೀಳ್ತದ. ಆಗ ದಾನ ಬಂದ ಕಣ್ಣಿನ ಪರದೆ ಹಾಕಿಸಲಾಕ ಹೈದರಾಬಾದಕ್ಕ ಕಳಸಬೇಕಾಗ್ತದ," ಎಂದರು.

ಶಾಲುಬಾಯಿ ಗೋಡೆಗೆ ಒರಗಿ ಕೂತುಬಿಟ್ಟಳು. ಅಂಜನಾಬಾಯಿ ಕೇಳಿದಳು: "ಅರ್ಧ ತಾಸಿಗೊಮ್ಮೆ ಹಾಕಿದ್ರ ನಡೀತದೇನ್ರಿ?"

"ನಡೀತದ. ನಿಮ್ಮ ಕೈಲೆ ಆಗ್ತದಾ?"

"ದಿನಾ ಇನ್ನೂರು ಹೊರಿ ಕಬ್ಬು ಕಟ್ಟೇನ್ರಿ. ಇದೇನು?"

ನಾಲ್ಕು ದಿನ ಅವಳೂ ಶಾಲುಬಾಯಿಯೂ ಸರದಿಯ ಮೇಲೆ ಮಲಗಿದರು. ಐದನೆಯ ದಿನ ಕೀವು ಕರಗಿತ್ತು. ಅದರ ಮುಂದಿನ ವಾರ ಚುಕ್ಕೆಯ ಅಂಚು ಒಳಗೆ ಸರಿಯಿತು. ಬೆಳಗಿನ ಬಿಸಿಲಿಗೆ ಅಂಗಳದಲ್ಲಿ ಕೂತಾಗ ಕಣ್ಣಲ್ಲಿ ನೀರು ಬರಲಿಲ್ಲ.

ಎಂಟನೆಯ ವಾರ ಡಾಕ್ಟರ್ ಪ್ರಮಿಲಾ ಅವಳ ಬಲಗಣ್ಣು ಮುಚ್ಚಿಸಿ ಅಕ್ಷರದ ಹಲಗೆಯ ಮುಂದೆ ಕೂರಿಸಿದರು. ಬಂದ ದಿನ ಆ ಎಡಗಣ್ಣಿಗೆ ಮುಖದ ಮುಂದೆ ಹಿಡಿದ ಬೆರಳು ಎಷ್ಟೆಂದು ತಿಳಿದಿರಲಿಲ್ಲ. ಈಗ ಅಂಜನಾಬಾಯಿ ಮೇಲಿನ ದೊಡ್ಡ ಅಕ್ಷರ ಓದಿದಳು. ಎರಡನೆಯ ಸಾಲು ಓದಿದಳು. ಮೂರನೆಯದು, ನಾಲ್ಕನೆಯದು. ಐದನೆಯದರಲ್ಲಿ ತಡೆದು, ಕತ್ತು ಮುಂದೆ ಚಾಚಿ, ಅದನ್ನೂ ಮುಗಿಸಿದಳು.

"ಗೆದ್ದೆವರಿ!" ಎಂದು ಬಾಗಿಲಲ್ಲಿದ್ದ ಶಾಲುಬಾಯಿ ಕೂಗಿದ್ದಕ್ಕೆ ಹೊರಗೆ ಕೂತ ರೋಗಿಗಳೆಲ್ಲ ಎದ್ದು ನಿಂತರು. ಡಾಕ್ಟರೂ ನಕ್ಕುಬಿಟ್ಟರು.

"ತೆಳ್ಳಗ ಒಂದು ಕಲೆ ಉಳೀತದ, ಅಷ್ಟೇ," ಎಂದರು.

"ಇರಲಿ ಬಿಡ್ರಿ. ಕಲೆ ಅದ, ಕಣ್ಣೂ ಅದ."

ಮುಂದಿನ ದೀಪಾವಳಿ ಕಳೆದ ಮೇಲೆ ಟೋಳಿ ಮತ್ತೆ ಹೊರಟಾಗ ಅಂಜನಾಬಾಯಿಯ ಚೀಲದಲ್ಲಿ ಇಪ್ಪತ್ತೆರಡು ಬಿಳಿ ಗಾಜಿನ ಕನ್ನಡಕಗಳಿದ್ದವು, ಕಬ್ಬಿಣ ಉಜ್ಜುವವರು ಹಾಕಿಕೊಳ್ಳುವಂಥವು. ಹೊಲದ ಬದುವಿನ ಮೇಲೆ ನಿಂತು ಒಬ್ಬೊಬ್ಬರಿಗೂ ಕೊಟ್ಟಳು.

"ಮೋಟಾರಸೈಕಲ್ ಹೊಡೀಲಾಕ ಹೊಂಟೀರೇನು ಎಲ್ಲಾರು?" ಎಂದು ಗೋರಖನಾಥ ನಕ್ಕ.

ಅಂಜನಾಬಾಯಿ ಅವನ ಮುಂದೆ ಬಂದು ಎಡಗಣ್ಣಿನ ರೆಪ್ಪೆ ಎತ್ತಿ ಹಿಡಿದಳು. "ಇಲ್ಲಿ ನೋಡ್ರಿ ಮುಕಾದಮ. ಇದನ್ನ ಉಳಿಸ್ಕೊಳ್ಳಾಕ ಎಂಟು ವಾರ ಹಿಡೀತು. ಕನ್ನಡಕ ಹಾಕಲ್ದೆ ಇವತ್ತು ಯಾರೂ ಕಬ್ಬಿನಾಗ ಇಳಿಯಂಗಿಲ್ಲ."

ಗೋರಖನಾಥ ಹತ್ತಿರದಿಂದ ನೋಡಿದ. ಅವನ ನಗು ಇಳಿಯಿತು. ಕೈ ಚಾಚಿ ಒಂದು ಕನ್ನಡಕ ಇಸಿದುಕೊಂಡು, ಎಲ್ಲರಿಗಿಂತ ಮೊದಲು ಹಾಕಿಕೊಂಡ. ಮೊದಲ ಕಬ್ಬು ಮಚ್ಛೇಂದ್ರ ಕಡಿದ. ಎರಡನೆಯದಕ್ಕೆ ಅಂಜನಾಬಾಯಿ ಅವನ ಕೈಯಿಂದ ಕತ್ತಿ ತಗೊಂಡು ತಾನೇ ಬೀಸಿದಳು, ಬುಡಕ್ಕೇ.