ಬ್ಯಾಕ್‌ಗ್ರೌಂಡ್ ಕೇಳುವ ಮನೆ

ಚಿತ್ರದುರ್ಗದಲ್ಲಿ ಈಗ ಯಾರೂ ಜಾತಿ ಕೇಳುವುದಿಲ್ಲ. ಛೇ, ಎಂಥ ಮಾತು! ಎಲ್ಲರೂ ಓದಿದವರು, ಬ್ಯಾಕ್‌ಗ್ರೌಂಡ್ ಕೇಳುತ್ತಾರೆ. ಚಿತ್ರದ ಹಿಂದಿರುವ ನೋಟಕ್ಕೆ ಹಾಗನ್ನುತ್ತಾರೆ ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಬಾಡಿಗೆ ಮನೆ ಹುಡುಕಲು ಹೊರಟ ಮೇಲೆ ನನಗೆ ಸರಿಯಾದ ಅರ್ಥ ತಿಳಿಯಿತು.

ನಾನು ಶೋಭಾರಾಣಿ, ಇಲ್ಲಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಹಿರಿಯೂರು ಕಡೆಯ ಹಳ್ಳಿಯಲ್ಲಿದ್ದ ಅವ್ವನಿಗೆ ಮಂಡಿ ಆಪರೇಷನ್ ಆಗಿತ್ತು. ನನ್ನ ಹಾಸ್ಟೆಲ್ಲಿನಲ್ಲಿ ಅವಳನ್ನು ಇಟ್ಟುಕೊಳ್ಳುವ ಹಾಗಿಲ್ಲ. ಮೆಟ್ಟಿಲು ಹತ್ತುವ ಕಾಟವಿಲ್ಲದ ಮನೆಯೊಂದು ತುರ್ತಾಗಿ ಬೇಕಿತ್ತು. ಡಿಸ್ಚಾರ್ಜ್ ಮಾಡಿಸಿಕೊಂಡವಳೇ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ‘ಮನೆ ಬಾಡಿಗೆಗಿದೆ’ ಎಂಬ ಬೋರ್ಡು ತೂಗುಹಾಕಿದ್ದ ಶಿವಕುಮಾರಪ್ಪನವರ ಗೇಟಿಗೆ ಬಂದೆ.

ಶಿವಕುಮಾರಪ್ಪ ರಿಟೈರ್ ಆದ ಲೆಕ್ಚರರ್. ಸಭೆಗಳಲ್ಲಿ ಸಮಾನತೆಯ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಬಾಯಿ. ಅವರ ತಾಯಿ ದ್ಯಾಮಮ್ಮ ನನ್ನನ್ನು ಕಂಡದ್ದೇ ಗುರುತು ಹಿಡಿದರು. ಹೋದ ವರ್ಷ ನಮ್ಮ ವಾರ್ಡಿನಲ್ಲಿ ಮಲಗಿದ್ದಾಗ ಅವರಿಗೆ ಗಂಜಿ ಕುಡಿಸಿ, ಮೈ ಒರೆಸಿ, ತಲೆ ಬಾಚಿದವಳು ನಾನೇ. ಮಗಳೇ ಬಂದ ಹಾಗಾಯಿತು ಎಂದು ಕೆನ್ನೆ ಸವರಿದರು. ಮಗರಾಯರು ಕೆಳಗಿನ ಮನೆಯ ಬೀಗದ ಕೈಯನ್ನು ನನ್ನ ಕೈಗೇ ಇಟ್ಟರು. ಸದ್ಯ, ಬದುಕಿದೆ ಅಂದುಕೊಂಡೆ.

ಆಗ ಬಂತು ನೋಡಿ. ತಮ್ಮ ಬ್ಯಾಕ್‌ಗ್ರೌಂಡ್ ಏನು ಅಂದರು. ಓದು, ಕೆಲಸ, ಸಂಬಳ ಎಲ್ಲ ಹೇಳಿದೆ. ಅದಲ್ಲಮ್ಮ ಎಂದು ನಕ್ಕರು. ಯಾವ ಮಠಕ್ಕೆ ನಡೆದುಕೊಳ್ಳುತ್ತೀರಿ, ಮನೆದೇವರು ಯಾವುದು, ಭಾನುವಾರ ಅಡಿಗೆ ಏನು ಅಂತ ಸುತ್ತಿ ಬಳಸಿ ಕೇಳಿದರು. ಜಾತಿ ಎಂಬ ಎರಡಕ್ಷರ ಮಾತ್ರ ಹೊರಬೀಳಲಿಲ್ಲ. ಪಾಪ, ಮಡಿವಂತ ನಾಲಿಗೆ. ಅವರಿಗೆ ಒಪ್ಪುವ ಯಾವುದಾದರೂ ದೇವರ ಹೆಸರು ಹೇಳಿದ್ದರೆ ಅವ್ವ ಆಗಲೇ ಒಳಗೆ ಮಲಗಿರುತ್ತಿದ್ದಳು. ನನಗೆ ರೇಗಿಹೋಯಿತು. ನಮ್ಮ ದೇವರ ಹೆಸರನ್ನೂ, ಅವರು ಕೇಳಲು ನಾಚುತ್ತಿದ್ದುದನ್ನೂ ಗಟ್ಟಿಯಾಗಿ ಹೇಳಿಬಿಟ್ಟೆ.

ಶಿವಕುಮಾರಪ್ಪನವರಿಗೆ ತಕ್ಷಣ ಅಳಿಯ ನೆನಪಾದ. ಅವನು ಬರುವವನಿದ್ದಾನಂತೆ, ಮನೆ ಅವನಿಗೇ ಬೇಕಂತೆ, ಮರೆತೇ ಹೋಗಿತ್ತಂತೆ. ನಾನು ದ್ಯಾಮಮ್ಮನ ಮುಖ ನೋಡಿದೆ. ನನ್ನ ಕೈಯಿಂದ ಗಂಜಿ ಕುಡಿದ ಜೀವ, ನನ್ನ ಪರ ಒಂದು ಮಾತಾಡೀತು ಅಂತ ಆಸೆ.

“ನೀನು ಬಂಗಾರದಂಥ ಹುಡುಗಿ ಕಣವ್ವ,” ಅಂದರು ದ್ಯಾಮಮ್ಮ. “ಆದ್ರೆ ಆಸ್ಪತ್ರೆ ಬ್ಯಾರೆ, ಮನೆ ಬ್ಯಾರೆ.”

ಹಾಗೆ ಹೇಳುವಾಗಲೂ ನನ್ನ ಒಂದು ಕೈಯನ್ನು ಪ್ರೀತಿಯಿಂದ ಹಿಡಿದೇ ಇದ್ದರು. ಇನ್ನೊಂದು ಕೈಯಿಂದ ಮಗ ಬೀಗದ ಕೈ ಬಿಡಿಸಿಕೊಂಡ. ಇವರ ಓದಿಗಿಷ್ಟು ಬೆಂಕಿ ಹಾಕ ಎಂದು ಬೈದುಕೊಳ್ಳುತ್ತಾ ಗೇಟು ದಾಟಿದೆ.

ಅವ್ವ ಆಟೋದಲ್ಲಿ ಕಾಲು ನೀಡಿಕೊಂಡು ಹಲ್ಲು ಕಚ್ಚಿ ಕೂತಿದ್ದಳು. ನಡೆದದ್ದನ್ನು ಹೇಳಿದೆ. ಒಂದು ಸುಳ್ಳು ಹೇಳಬೇಕಿತ್ತೇನೋ ಅಂದೆ.

“ಬ್ಯಾರೆ ಮನೆ ನೋಡಾಣ ನಡಿ,” ಅಂದಳು ಅವ್ವ. “ಅಲ್ಲಿ ಅವರು ಕೇಳಾಕಿಂತ ಮುಂಚೇನೇ ಹೇಳ್ಬಿಡು. ಕಾಲು ನೋಯ್ತೈತೆ, ಸುಮ್ನೆ ಯಾಕೆ ಕಾಯಾದು.”